ಓದುವ ಬಾಣಂತಿಯ ಅಂಚೆಚೀಟಿ

ನಾಲ್ಕಕ್ಕೆ ನಳ ಬರುತ್ತದೆ, ನಿಲ್ಲುವುದರೊಳಗೆ ಬ್ಯಾರೆಲ್ ತುಂಬಬೇಕು. ಅಂಗಳ ಗುಡಿಸಿ ನೀರು ಹೊಡೆಯಬೇಕು. ಹಂಡೆಯ ಒಲೆ ಹೊತ್ತಿಸಬೇಕು. ಅತ್ತೆಗೆ ಚಹಾ, ಅವರ ಮೊಣಕಾಲಿಗೆ ಎಣ್ಣೆ. ಹದಿನಾಲ್ಕು ರೊಟ್ಟಿ ಬಡಿಯಬೇಕು, ಪಲ್ಯ ಆಗಬೇಕು, ಗಂಡ ಬಂಡೆಪ್ಪನ ಡಬ್ಬಿ ಕಟ್ಟಬೇಕು. ಅಂಗಿಯ ಗುಂಡಿ ಹೋಗಿರುವುದು ಅವನಿಗೆ ನೆನಪಾಗುವುದೂ ಆಗಲೇ. ಇಷ್ಟೆಲ್ಲ ಮುಗಿಸಿ ಖಾನಾಪುರದ ನಿಂಗವ್ವ ಬೆಳಗಾವಿಯ ಬಸ್ಸು ಹತ್ತುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ.

ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬರೇ ಇರುವ ನಿವೃತ್ತ ನರ್ಸ್ ಪ್ರಮಿಳಾ ಅವರ ಮನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಾಳೆ. ಹಿಂದೆ ಪ್ರಮಿಳಾ ಜೊತೆ ದವಾಖಾನೆಯಲ್ಲಿ ದುಡಿದ ಪರದೇಶದ ಸಿಸ್ಟರ್ ಒಬ್ಬರು ಪ್ರತಿ ಕ್ರಿಸ್ಮಸ್‌ಗೆ ತಮ್ಮ ಊರಿನಿಂದ ಕಾರ್ಡು ಕಳಿಸುತ್ತಾರೆ. ಲಕೋಟೆಯ ಮೇಲೆ ಹಬ್ಬದ ಅಂಚೆಚೀಟಿ: ನೂರಾರು ವರ್ಷ ಹಿಂದೆ ಮಠಗಳಲ್ಲಿ ಕೈಯಿಂದ ಬರೆದ ಧರ್ಮಗ್ರಂಥಗಳೊಳಗಿನ ಕ್ರಿಸ್ಮಸ್ ಕತೆಯ ಚಿತ್ರಗಳು, ಕಡುನೀಲಿ, ಕೆಂಪು, ನಡುವೆ ಬಂಗಾರದ ಗೆರೆ.

ಮೊದಲ ವರ್ಷ ನಿಂಗವ್ವ ಆ ಲಕೋಟೆಯನ್ನು ಕಸದ ಬುಟ್ಟಿಯಿಂದ ತೆಗೆಯುವಾಗ ಪ್ರಮಿಳಾ ನೋಡಿಬಿಟ್ಟರು. ಬಯ್ಯಲಿಲ್ಲ. ಚೀಟಿಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಬಿಡಿಸಿ, ಹಳೆಯ ಪೇಪರಿನಲ್ಲಿ ಒಣಗಿಸುವುದನ್ನು ಕಲಿಸಿದರು. ಒಂದು ಅಲ್ಬಮ್ಮೂ ಕೊಟ್ಟರು. ತನಗಾಗಿ ಯಾರಾದರೂ ಅರ್ಧ ತಾಸು ಕುಳಿತು ಏನನ್ನಾದರೂ ಕಲಿಸಿದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಅದನ್ನು ನಿಂಗವ್ವ ಇವತ್ತಿಗೂ ಮರೆತಿಲ್ಲ.

ಕಳೆದ ಡಿಸೆಂಬರಿನ ಚೀಟಿ ನೋಡಿ ಅವಳು ಒಲೆ ಆರಿಸಿ ಹೊರಗೆ ಬಂದಳು.

"ಅಕ್ಕಾರ, ಇದೇನ್ರಿ! ಬಾಣಂತಿ ಮಂಚದ ಮ್ಯಾಲೆ ಪುಸ್ತಕ ಓದಾಕತ್ಯಾಳ. ಮುದುಕ ಗಂಡ ಕೂಸಿನ ಬಾಜು ಕುಂತು ಗಂಜಿ ತಿರುವಾಕತ್ಯಾನ!"

"ಬರದಾಂವ ಮಠದಾಂವ ಇರಬೇಕವಾ. ಮದುವಿ ಆಗಿದ್ರ ಹಿಂಗ ಬರೀತಿದ್ದಿಲ್ಲ."

ಇಬ್ಬರೂ ನಕ್ಕರು. ಮಗಳು ಶೀತಲ ಹುಟ್ಟಿದ ಒಂಬತ್ತನೇ ದಿನ ನಿಂಗವ್ವ ರೊಟ್ಟಿ ಬಡಿಯಲು ಕುಳಿತಿದ್ದಳು. ಅವಳು ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು.

ಚೀಟಿ ಬಿಡಿಸುವ ಅವಸರವೇ ತಪ್ಪಾಯಿತು. ನೀರಲ್ಲಿ ಎಷ್ಟು ನೆನೆಸಿದರೂ ಚೀಟಿ ಬಿಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಎತ್ತಿದ ಹಾಗೆ ಒಂದೇ ಸಲಕ್ಕೆ ಎತ್ತಿದಳು. ಚಿತ್ರದ ಮೂಲೆಯಲ್ಲಿದ್ದ ಆಕಳ ಕಾಲು ಲಕೋಟೆಯಲ್ಲೇ ಉಳಿಯಿತು.

"ಅಯ್ಯ, ಇದು ಸ್ಟಿಕರ್ ಗೋಂದು, ನೀರಿಗೆ ಬಿಡೂದಿಲ್ಲ. ಸುತ್ತಲ ಕಾಗದ ಬಿಟ್ಟು ಕತ್ತರಸ್ಬೇಕಿತ್ತು," ಎಂದರು ಪ್ರಮಿಳಾ. "ಹೇಳಲಿಲ್ಲ ನಾನು. ತಪ್ಪು ನಂದ."

ಯಜಮಾನಿಯ ಬಾಯಲ್ಲಿ ಆ ಮಾತು ಕೇಳಿ ನಿಂಗವ್ವನಿಗೆ ಅಳು ಬಂತು.

ಫೆಬ್ರುವರಿಯಲ್ಲಿ ಬೆಳಗಾವಿಯ ಸಂಗ್ರಾಹಕರು ಚೀಟಿಗಳ ಪ್ರದರ್ಶನ ಇಟ್ಟರು. ಹೊಸಬರಿಗೆ ಸ್ಪರ್ಧೆಯೂ ಇತ್ತು: ಒಂದು ಹಾಳೆ, ಎಂಟು ಚೀಟಿ. ಗೆದ್ದ ಹಾಳೆ ಮೈಸೂರಿನ ಪ್ರದರ್ಶನಕ್ಕೆ ಹೋಗುತ್ತದೆ, ಜೊತೆಗೆ ಅದರ ಒಡೆಯರೂ; ಅವರ ಹೆಸರು ಅಲ್ಲಿಯ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ. ನಿಂಗವ್ವ ಮೈಸೂರು ಕಂಡವಳಲ್ಲ. ರೇಷನ್ ಕಾರ್ಡಿನಂಥ ಸರಕಾರಿ ಕಾಗದ ಬಿಟ್ಟು ಬೇರೆಲ್ಲೂ ತನ್ನ ಹೆಸರು ಅಚ್ಚಾದದ್ದನ್ನೂ ಕಂಡಿರಲಿಲ್ಲ. ಅವಳಿಗೆ ಗೆಲ್ಲಬೇಕಿತ್ತು.

ಅರ್ಜಿ ತುಂಬುತ್ತ ಪ್ರಮಿಳಾ, "ಉದ್ಯೋಗ ಏನಂತ ಬರೀಲಿ?" ಎಂದು ಕೇಳಿದರು.

"ಎರಡು ಮನ್ಯಾಗ ಅಡಗಿ. ಒಂದಕ್ಕ ಪಗಾರ ಐತಿ, ಒಂದಕ್ಕಿಲ್ಲ. ಹಂಗ ಬರೀರಿ."

ಬಂಡೆಪ್ಪನಿಗೂ ಬಾಣಂತಿಯ ಚೀಟಿ ತೋರಿಸಿದ್ದಳು. "ಆ ಮುದುಕಗ ಡ್ಯೂಟಿ ಇರಲಿಕ್ಕಿಲ್ಲ ಬಿಡು," ಎಂದಿದ್ದ. ಆದರೂ ಪ್ರದರ್ಶನದ ದಿನ ತಾಯಿಗೆ ತಾನೇ ಚಹಾ ಮಾಡಿಕೊಟ್ಟ. ಮಾಡಿದ್ದನ್ನು ಓಣಿಯ ಮೂರು ಮಂದಿಗೆ ಹೇಳಿದ. ನಿಂಗವ್ವ ನಗುತ್ತಲೇ ಬಸ್ಸು ಹತ್ತಿದಳು.

ಸಭಾಂಗಣದಲ್ಲಿ ಹಾಳೆ ಜೋಡಿಸುವಾಗ ವ್ಯವಸ್ಥೆ ನೋಡುತ್ತಿದ್ದ ಮಧುಕರ ಬಂದು ಬಗ್ಗಿ ನೋಡಿದರು.

"ಬಾಯಾರ, ಭಾಳ ಛಂದ ಕೂಡಿಸೀರಿ. ಆದ್ರ ಈ ಹರದದ್ದು ತಗೀರಿ, ಮಾರ್ಕ್ ಹೋಗ್ತಾವು. ಇನ್ನೊಂದು ಉಳದೈತಲ್ಲ, ಕೂಸು ನೋಡಾಕ ಬಂದ ಮೂರು ರಾಜರದ್ದು, ಅದನ್ನ ಹಚ್ಚರಿ. ಆಮ್ಯಾಲೆ ನಿಮ್ಮನ್ನ ಸೋಲಸಾವ್ರು ಯಾರೂ ಇಲ್ಲ ಇಲ್ಲಿ."

ಅವರ ಮಾತಿನಲ್ಲಿ ಕಪಟ ಇರಲಿಲ್ಲ. ನಿಂಗವ್ವ ಕೈಮುಗಿದಳು. ಅವರು ಮುಂದಿನ ಮೇಜಿಗೆ ಹೋದರು. ಪ್ರಮಿಳಾ ಇನ್ನೂ ಬಂದಿರಲಿಲ್ಲ, ಕೇಳಲು ಹತ್ತಿರ ಯಾರೂ ಇರಲಿಲ್ಲ.

ಮೂರು ರಾಜರ ಚೀಟಿ ಅಂಚು ಮಾಸದೆ ಹೊಳೆಯುತ್ತಿತ್ತು. ಹರಿದದ್ದರಲ್ಲಿ ಹೆಸರು ಗೊತ್ತಿಲ್ಲದ ಯಾವನೋ ಸನ್ಯಾಸಿ ಅಷ್ಟು ಹಿಂದೆಯೇ ಒಬ್ಬ ಬಾಣಂತಿಯನ್ನು ಮಲಗಲು ಬಿಟ್ಟಿದ್ದ, ಕೈಗೆ ಪುಸ್ತಕ ಕೊಟ್ಟಿದ್ದ. ನಿಂಗವ್ವ ಮನಸ್ಸಿನಲ್ಲೇ ಅವನಿಗೆ ಒಳ್ಳೆಯದಾಗಲಿ ಎಂದಳು. ರಾಜರನ್ನು ಅಲ್ಬಮ್ಮಿನೊಳಗಿಟ್ಟು, ಮೂಲೆ ಹರಿದ ಚೀಟಿಯನ್ನು ಹಾಳೆಯ ನಟ್ಟನಡುವೆ ಅಂಟಿಸಿದಳು.