ನನ್ನ ಕೆಟ್ಟ ಹೋರಿ

ಮಕ್ಕಳ ಕಾರ್ಟೂನಿಗೆ ಖಳನಾಯಕ ಬೇಕಿತ್ತು. ಬಾಳೆತೋಟಕ್ಕೆ ನುಗ್ಗುವ ಹೋರಿಯೊಂದನ್ನು ಚಿತ್ರಿಸಿದೆ. ಕಥೆ ಹೇಳುವ ದನಿಗೆ ತಮಿಳುನಾಡಿನ ಉತ್ತಮಪಾಳಯಂನಲ್ಲಿ, ಮನೆಯೊಳಗೆ ಕನ್ನಡವಾಡುವ ಅಜ್ಜಿಯೊಬ್ಬರು ಸಿಕ್ಕರು. "ಹೊಡೀರೋ ಅದನ್ನ!" ಎಂಬ ಮೊದಲ ಸಾಲಿಗೇ ಮೈಕ್ ದೂರ ತಳ್ಳಿದರು.

"ಸಾಮಿಗೆ ಬಿಟ್ಟ ಹೋರಿ ತೋಟಕ್ಕೆ ಬಂದ್ರೆ ನಮ್ಮ ಕುಲದಾಗೆ ಕೈ ಮುಗೀತೀವಿ, ಕೋಲು ಎತ್ತಲ್ಲ ಕಣಪ್ಪಾ."

"ಅಜ್ಜೀ, ಇದು ಕೆಟ್ಟ ಹೋರಿ."

"ಅದಕ್ಕೆ ಹಸಿವು, ಪಾವಂ," ಎಂದು ತಮಿಳಿನಲ್ಲಿ ಮರುಗಿದರು.

ಅಜ್ಜಿಯ ಹಟಕ್ಕೆ ಎರಡನೇ ಕಂತಿನಲ್ಲಿ ಹೋರಿಯ ಹಣೆಗೆ ಅರಿಶಿನ ಬಂತು. ಮೂರನೆಯದರಲ್ಲಿ ಕೊರಳಿಗೆ ಗೆಜ್ಜೆ, ಕಣ್ಣಿಗೆ ನೀರು. ನಾಲ್ಕನೆಯದನ್ನು ನೋಡುತ್ತಿದ್ದ ಅಜ್ಜಿಯ ಮೊಮ್ಮಗಳು ನನ್ನನ್ನೇ ಕೇಳಿದಳು: "ಕೋಲು ಹಿಡ್ಕೊಂಡು ಓಡಾಡ್ತಾವನಲ್ಲ, ಆ ಪಾಪಿ ಯಾರು?"

ಅವನು ನನ್ನ ಕಥಾನಾಯಕ ಎಂದೆ. ಅವನ ಮುಖವನ್ನು ಕನ್ನಡಿ ನೋಡಿಕೊಂಡು ಬರೆದಿದ್ದೆ ಎಂದು ಮಾತ್ರ ಹೇಳಲಿಲ್ಲ.