ಓರಗಿತ್ತಿಯ ಹತ್ತು ಗುಂಟೆ

ಜರಗನಹಳ್ಳಿಯ ಸೊಣ್ಣಮ್ಮನ ಬದನೆಕಾಯಿಗೆ ಜಯನಗರದ ಹೊಸ ಮನೆಗಳಲ್ಲಿ ಒಳ್ಳೆ ಹೆಸರಿತ್ತು. ಮಂಕರಿ ಹೊತ್ತು ಅವಳು ಕೂಗುತ್ತ ಬಂದರೆ ಹೆಂಗಸರು ಮೊರ ಹಿಡಿದು ಗೇಟಿಗೆ ಬರುತ್ತಿದ್ದರು. ಅರವತ್ತೊಂದನೇ ಇಸವಿಯವರೆಗೂ ಆ ಬೀದಿಗಳಲ್ಲಿ ಅವಳಿಗೆ ಎದುರಿರಲಿಲ್ಲ.

ಆ ವರ್ಷ ಓರಗಿತ್ತಿ ಮುನಿಲಕ್ಷ್ಮಮ್ಮ ಊರಿಗೆ ವಾಪಸು ಬಂದಳು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷ ಅರೆಕೆರೆಯ ತವರಲ್ಲಿದ್ದವಳು. ಗಂಡನ ಪಾಲಿನ ಹತ್ತು ಗುಂಟೆ ಸೊಣ್ಣಮ್ಮನ ತೋಟದ ಮಗ್ಗುಲಲ್ಲೇ ಇತ್ತು. ಆಳೆತ್ತರ ಲಂಟಾನ ಬೆಳೆದು, ಒಳಗೆ ಕಾಲಿಡುವ ಹಾಗಿರಲಿಲ್ಲ.

"ಅದ್ರಲ್ಲಿ ಏನು ಬೆಳೀತೀಯಮ್ಮ? ನಮಗೇ ಬಿಟ್ಬಿಡು," ಅಂದಳು ಸೊಣ್ಣಮ್ಮ.

"ನೋಡ್ತೀನಿ ಅಕ್ಕ. ಆಗದಿದ್ರೆ ನಿಂಗೇ ಕೊಡ್ತೀನಿ," ಅಂದಳು ಮುನಿಲಕ್ಷ್ಮಮ್ಮ, ಮಚ್ಚು ಮಸೆಯುತ್ತ.

ಆಗದಿರಲಿ ಅಂತಲೇ ಸೊಣ್ಣಮ್ಮ ಕಾದಳು. ಓರಗಿತ್ತಿ ಪೊದೆ ಕಡಿದಳು, ಬೇರು ಅಗೆದು ಸುಟ್ಟಳು, ಬೂದಿ ಮಣ್ಣಿಗೆ ಬೆರೆಸಿದಳು. ಎಂಟು ವರ್ಷ ಎಲೆ ಕೊಳೆತ ಮಣ್ಣು, ಹಿಡಿದರೆ ಬೆರಳಲ್ಲಿ ಉದುರುತ್ತಿತ್ತು. ಮೂರು ತಿಂಗಳಿಗೆ ಬದನೆ ಗಿಡ ಕಾಯಿ ಭಾರಕ್ಕೆ ಬಾಗಿತು.

ಒಂದು ಬೆಳಗ್ಗೆ ಜಯನಗರದ ಗಿರಿಜಾದೇವಿ ಗೇಟಿನಲ್ಲೇ ತಡೆದರು. "ಇವತ್ತು ಬೇಡ ಸೊಣ್ಣಮ್ಮ. ನಿನ್ನ ತಂಗಿ ಬರ್ತಾಳಲ್ಲ, ಅವಳ ಹತ್ರ ತಗೋತೀನಿ. ಎಷ್ಟು ಎಳೇದಿರುತ್ತೆ ಗೊತ್ತಾ!"

ಸೊಣ್ಣಮ್ಮ ತುಂಬಿದ ಮಂಕರಿ ಹೊತ್ತೇ ತಿರುಗಿದಳು. ಮನೆಗೆ ಬಂದು ಗಂಡ ರಾಮಯ್ಯನ ಮುಂದೆ ಸಿಟ್ಟು ಕಾರಿಕೊಂಡಳು. ಅವನು, "ಒಂಟಿ ಹೆಂಗಸು, ಚೆನ್ನಾಗೇ ಮಾಡವ್ಳೆ ಬಿಡು," ಅಂದುಬಿಟ್ಟ. ಇಪ್ಪತ್ತು ವರ್ಷದಲ್ಲಿ ತನಗೆ ಒಂದು ದಿನವೂ ಅವನು ಆಡದ ಮಾತು.

ಮರುದಿನ ಓರಗಿತ್ತಿ ಮಾರಲು ಹೋಗಿದ್ದಾಗ ಸೊಣ್ಣಮ್ಮ ಬೇಲಿಯ ಮುಳ್ಳು ಸರಿಸಿ, ತನ್ನ ಎಮ್ಮೆಯನ್ನು ಒಳಗೆ ಅಟ್ಟಿದಳು.

ಮಧ್ಯಾಹ್ನ ಮುನಿಲಕ್ಷ್ಮಮ್ಮ ಬಂದು ನೋಡಿದಾಗ ಅರ್ಧ ತೋಟ ತುಳಿದುಹೋಗಿತ್ತು. ಅವಳು ಅಳಲಿಲ್ಲ. ಪಕ್ಕಕ್ಕೆ ಜೋಡಿಸಿಟ್ಟಿದ್ದ ಮುಳ್ಳನ್ನೇ ನೋಡುತ್ತ ನಿಂತಳು.

"ಎಮ್ಮೆ ಮುಳ್ಳು ಎತ್ತಿಡಲ್ಲ ಅಕ್ಕ," ಬೇಲಿಯಾಚೆ ಇದ್ದ ಸೊಣ್ಣಮ್ಮನಿಗೆ ಅಂದಳು. "ಜಯನಗರ ನಿಂಗೇ ಬೇಕು ಅಂದಿದ್ರೆ ನಾನು ಬನಶಂಕರಿ ಕಡೆ ಹೋಗ್ತಿದ್ದೆ."

ಸೊಣ್ಣಮ್ಮ ಮಾರನೆ ದಿನ ವ್ಯಾಪಾರಕ್ಕೆ ಹೋಗದೆ, ತನ್ನ ಸಸಿಮಡಿಯ ಬದನೆ ಸಸಿಗಳನ್ನು ಕಿತ್ತು ತಂದು ಆ ನೆಲದಲ್ಲಿ ನೆಡತೊಡಗಿದಳು. ಮುನಿಲಕ್ಷ್ಮಮ್ಮ ಸ್ವಲ್ಪ ಹೊತ್ತು ನೋಡಿ, "ಹತ್ರ ಆಯ್ತು, ಇನ್ನೊಂಚೂರು ದೂರ ಇಡು," ಅಂದಳು. ತನಗೇ ಪಾಠ ಹೇಳುತ್ತಾಳಲ್ಲ ಅಂತ ಮೈ ಉರಿದರೂ ಸೊಣ್ಣಮ್ಮ ಸಸಿ ಕಿತ್ತು ದೂರ ಇಟ್ಟಳು.

ಅಂದಿನಿಂದ ಮುನಿಲಕ್ಷ್ಮಮ್ಮ ಬನಶಂಕರಿ ಕಡೆಗೇ ಹೋದಳು. ಬೀದಿಗಳು ಸೊಣ್ಣಮ್ಮನಿಗೆ ವಾಪಸು ಸಿಕ್ಕವು, ನೆಮ್ಮದಿ ಸಿಗಲಿಲ್ಲ. ತನ್ನದೇ ಮಡಿಯ ಸಸಿ, ಮೂರು ತಿಂಗಳಾದ ಮೇಲೆ ಬೇಲಿಯಾಚೆ ಎರಡರಷ್ಟು ಕಾಯಿ ಬಿಡುತ್ತಿತ್ತು. ಒಂದು ತಿಂಗಳು ಸಹಿಸಿದಳು. ಕೊನೆಗೆ ಬೇಲಿ ಹತ್ತಿರ ಹೋಗಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಕೇಳಿದಳು: "ಒಂದು ಮಂಕರಿ ಮಣ್ಣು ಕೊಡ್ತೀಯಾ?"

"ಒಂದ್ಯಾಕೆ, ಹತ್ತು ತಗೋ ಅಕ್ಕ."

ಅಷ್ಟು ಸಲೀಸಾಗಿ ಕೊಟ್ಟಳಲ್ಲ ಅನ್ನುವುದೂ ಸೊಣ್ಣಮ್ಮನಿಗೆ ಚುಚ್ಚಿತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತು ಮಂಕರಿಯನ್ನೂ ತಾನೇ ಹೊತ್ತಳು.