ಲೈನಿಂಗ್ ಎಂದು ಹೇಳಿ ಹಾಕಿಸಿದ ಡಿಸ್ಕ್ ಬ್ರೇಕ್

ನಾನು ಹಟಮಾರಿ. ಅಪ್ಪಯ್ಯ ನನಗಿಂತ ಒಂದು ಕೈ ಮೇಲು. ವಡೋದರಾದ ಫತೇಗಂಜ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲಿದೆ. ಅದರ ತರಕಾರಿಗೆಂದು ಅಪ್ಪಯ್ಯ ಮತ್ತು ಅಮ್ಮ ದಿನಾ ಬೆಳಿಗ್ಗೆ ಮಾರುಕಟ್ಟೆಗೆ ಹೋಗುತ್ತಿದ್ದುದು ಐವತ್ತು ವರ್ಷ ಹಳೆಯ ಕಾರಿನಲ್ಲಿ. ಸೀಟಿಗೆ ಬೆಲ್ಟ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಾರು ನಿಲ್ಲಿಸಬೇಕಾದರೆ ಎಪ್ಪತ್ತು ದಾಟಿದ ಅಪ್ಪಯ್ಯ ಬಹಳ ಮೊದಲೇ ಸೀಟಿನಿಂದ ಅರ್ಧ ಎದ್ದು, ಪೆಡಲಿನ ಮೇಲೆ ಮೈಭಾರ ಹಾಕುತ್ತಿದ್ದರು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಮುಂದಿನ ಚಕ್ರಗಳಿಗೆ ಥಟ್ಟನೆ ಹಿಡಿಯುವ ಈಗಿನ ಡಿಸ್ಕ್ ಬ್ರೇಕ್ ಹಾಕಿಸೋಣ ಎಂದೆ.

“ಎಂತ ಡಿಸ್ಕು ಮಾರಾಯ? ಎಲ್ಲಿ ಒತ್ತಿದ್ರೆ ಎಲ್ಲಿ ನಿಲ್ತದೆ ಅಂತ ನನ್ನ ಕಾಲಿಗೆ ಗೊತ್ತುಂಟು. ನೀನು ಚಟ್ನಿಗೆ ಉಪ್ಪು ಸರಿ ಉಂಟಾ ನೋಡು.”

ಸಪ್ಲೈಯರುಗಳ ಎದುರಿಗೇ ಹೇಳಿದ ಮಾತು. ಅದು ನಾಟಿತು. ಮುಂದಿನ ವಾರ, ಬ್ರೇಕಿನ ಲೈನಿಂಗ್ ಸವೆದಿದೆ, ಬದಲಾಯಿಸಿ ತರುತ್ತೇನೆ ಎಂದು ಸುಳ್ಳು ಹೇಳಿ ಕಾರನ್ನು ಗ್ಯಾರೇಜಿಗೆ ಒಯ್ದೆ. ಅಹಮದಾಬಾದಿನಿಂದ ಸಾಮಾನು ತರಿಸಿ ಡಿಸ್ಕ್ ಹಾಕಿಸಿದೆ. ಪೆಡಲನ್ನು ಹಗುರ ಮಾಡುವ ಬೂಸ್ಟರನ್ನೂ ಕೂರಿಸಿದೆ. ಅಪ್ಪಯ್ಯ ಓಡಿಸಿ ಬಂದು ಬ್ರೇಕು ಈಗ ಲಾಯ್ಕುಂಟು ಎನ್ನಬೇಕು, ಆಗ ನಾನು ಗುಟ್ಟು ಬಿಡಬೇಕು. ಸುರಕ್ಷತೆ ಗಿರಕ್ಷತೆ ಎಲ್ಲ ಆಮೇಲಿನ ಮಾತು, ನನಗೆ ಗೆಲ್ಲಬೇಕಿತ್ತು.

ಮೆಕ್ಯಾನಿಕ್ ತನ್ನ ಹಿಂದಿಯಲ್ಲಿ ಎಚ್ಚರಿಸಿದ್ದ: “ಕಾಕಾಗೆ ಹೇಳಿಬಿಡಿ ಭಾಯಿ. ಈಗ ಕಾಲು ಮೆಲ್ಲಗೆ ಇಟ್ಟರೆ ಸಾಕು. ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ನೋಡಲಿ.” ಹೂಂ ಎಂದು ಬಂದೆ.

ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ನಿಂತು, ಅಪ್ಪಯ್ಯ, ಅಮ್ಮ ಹೊರಟಿದ್ದನ್ನು ಒಳಗೊಳಗೇ ನಗುತ್ತಾ ನೋಡಿದೆ. ನೂರು ಮೀಟರೂ ಹೋಗಿರಲಿಲ್ಲ, ಹಸುವೊಂದು ಅಡ್ಡ ಬಂತು. ಅಪ್ಪಯ್ಯ ಎಂದಿನಂತೆ ಮೈಭಾರ ಹಾಕಿ ತುಳಿದಿರಬೇಕು. ಕಾರು ಗೂಟ ಹೊಡೆದ ಹಾಗೆ ನಿಂತಿತು. ಹಸುವಿಗೆ ಏನೂ ಆಗಲಿಲ್ಲ. ಅಮ್ಮನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದ ಸದ್ದು ನನಗೆ ಕೇಳಿಸಲಿಲ್ಲ, ಅಪ್ಪಯ್ಯ ಕೂಗಿದ್ದು ಕೇಳಿಸಿತು.

ಅಮ್ಮನ ಕುತ್ತಿಗೆಯ ನರಕ್ಕೆ ಪೆಟ್ಟಾಗಿತ್ತು. ಜೀವ ಉಳಿಯಿತು, ಎರಡೂ ಕೈಗಳ ಶಕ್ತಿ ಹೋಯಿತು.

“ನನ್ನ ಕಾಲಿಗೆ ಅಂದಾಜು ತಪ್ಪಿತು” ಎಂದು ನೋಡಲು ಬಂದವರಿಗೆಲ್ಲ ಅಪ್ಪಯ್ಯ ಹೇಳುತ್ತಿದ್ದರು. ಬಲಗಾಲನ್ನು ಎದುರಿಗೆ ಚಾಚಿ ತೋರಿಸುತ್ತಿದ್ದರು. ಪ್ರತಿ ಸಲವೂ ನಾನು ಅಲ್ಲೇ ಇರುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಏಳುತ್ತಿದ್ದೆ, ಅವರ ಮುಖ ಕಂಡೊಡನೆ ಬಂದವರಿಗೆ ಕಾಫಿ ತರುವ ನೆಪ ಹೇಳಿ ಒಳಗೆ ಹೋಗುತ್ತಿದ್ದೆ. ನಾನು ಹೇಡಿ. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲಾರೆ.

ಕಾರನ್ನು ಮಾರಲು ಅಪ್ಪಯ್ಯನೇ ನಿರ್ಧರಿಸಿದರು. ಸೂರತ್‌ನ ಪಾಂಡೇಸರಾದಿಂದ ಬಟ್ಟೆಗೆ ಬಣ್ಣ ಹಾಕುವ ಗಿರಣಿಯ ಮಾಲೀಕರೊಬ್ಬರು ನೋಡಲು ಬಂದರು. ಹಳೆಯ ಕಾರುಗಳ ಹುಚ್ಚಿನವರು. ಬಾನೆಟ್ ತೆರೆದವರು ಕೂಡಲೇ ಮುಂದಿನ ಚಕ್ರದ ಪಕ್ಕ ಮಂಡಿಯೂರಿದರು.

“ಅರೆ, ಬೂಸ್ಟರ್! ಡಿಸ್ಕೂ ಇದೆ! ಯಾರು ಹಾಕಿಸಿದ್ದು?”

ಅಪ್ಪಯ್ಯ ಬಗ್ಗಿ ಚಕ್ರದ ಹಿಂದೆ ನೋಡಿದರು. ಡಿಸ್ಕಿನ ಅಂಚನ್ನು ಬೆರಳಿನಿಂದ ಸವರಿದರು. ಎದ್ದವರು ನನ್ನತ್ತ ನೋಡಿದರು, ಆಮೇಲೆ ವರಾಂಡದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅಮ್ಮನತ್ತ.

“ನಾನೇ” ಎಂದರು.

“ನೀವಾ?” ಎಂದಳು ಅಮ್ಮ. “ಬ್ರೇಕು ಬದಲ್ಸಿದ್ದು ನನಗೊಂದು ಮಾತು ಹೇಳ್ಬಾರ್ದಿತ್ತಾ? ಗಟ್ಟಿ ಹಿಡ್ಕೊಂಡಾದ್ರೂ ಕೂತ್ಕೊಳ್ತಿದ್ದೆ.”

“ಹೇಳ್ಬೇಕಿತ್ತು. ತಪ್ಪಾಯ್ತು.”

ನಾನು ಆಗಲೂ ಬಾಯಿ ಬಿಡಲಿಲ್ಲ.

ಅಲ್ಲಿಯವರೆಗೆ ಮೂರು ಹೊತ್ತೂ ಅಮ್ಮನಿಗೆ ಉಣಿಸುತ್ತಿದ್ದವರು ಅಪ್ಪಯ್ಯ. ಅಂದಿನಿಂದ ಅವರು ತಟ್ಟೆ ಹಿಡಿದು ಬಂದರೆ ಅಮ್ಮ ಮುಖ ತಿರುಗಿಸುತ್ತಾಳೆ. ಈಗ ಅವಳು ನನ್ನ ಕೈಯಿಂದ ಮಾತ್ರ ಉಣ್ಣುತ್ತಾಳೆ.